ಬಂದೂಕಿಗಿಂತ ಮೊದಲು ಸೂಜಿ

1943ರ ಅಕ್ಟೋಬರ್ 14ರ ಮಧ್ಯಾಹ್ನ. ಪೂರ್ವ ಪೋಲೆಂಡಿನ ಸೋಬಿಬೋರ್ ನಾಜಿ ಮರಣ ಶಿಬಿರದ ಉಪ ಕಮಾಂಡೆಂಟ್ ಯೊಹಾನ್ ನೀಮನ್ ಕುದುರೆ ಏರಿ ದರ್ಜಿಗಳ ಶೆಡ್ಡಿಗೆ ಬಂದ. ಹೊಲಿಯಲು ಕೊಟ್ಟಿದ್ದ ಹೊಸ ಉಡುಪಿನ ಅಳತೆ ನೋಡಬೇಕಿತ್ತು. ದರ್ಜಿ ಅದನ್ನು ತೊಡಿಸಿದ, ಭುಜ ಸರಿಮಾಡಿದ, ಸ್ವಲ್ಪ ತಿರುಗಿ ನಿಲ್ಲಬೇಕೆಂದು ಕೇಳಿಕೊಂಡ. ಹಿಂದಿನಿಂದ ಕೊಡಲಿ ಬಿತ್ತು. ಸ್ವಲ್ಪ ಹೊತ್ತಿನಲ್ಲೇ ಇನ್ನೊಬ್ಬ ಅಧಿಕಾರಿ, ಅವನ ಹಿಂದೆ ಮತ್ತೊಬ್ಬ. ಒಬ್ಬನಿಗೆ ಕೋಟು, ಒಬ್ಬನಿಗೆ ಬೂಟು. ಎಲ್ಲರಿಗೂ ಬೇರೆ ಬೇರೆ ಸಮಯ ಕೊಡಲಾಗಿತ್ತು, ಹೆಚ್ಚಿನವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು.

ಸಂಜೆಯಾಗುವುದರೊಳಗೆ ಸುಮಾರು ಹನ್ನೊಂದು ಮಂದಿ ಎಸ್‌ಎಸ್ ಸಿಬ್ಬಂದಿ ಸತ್ತಿದ್ದರು. ಶಿಬಿರದಲ್ಲಿದ್ದ ಸುಮಾರು 600 ಕೈದಿಗಳಲ್ಲಿ 300 ಮಂದಿ ಮುಳ್ಳುತಂತಿ ದಾಟಿ, ನೆಲಬಾಂಬುಗಳ ಬಯಲು ದಾಟಿ ಕಾಡು ಸೇರಿದರು. ಯುದ್ಧ ಮುಗಿಯುವ ಹೊತ್ತಿಗೆ ಅವರಲ್ಲಿ ಜೀವಂತ ಉಳಿದಿದ್ದವರು ಐವತ್ತರ ಆಸುಪಾಸು. ಕನಿಷ್ಠ 1,70,000 ಯಹೂದಿಗಳನ್ನು ಕೊಂದ ಜಾಗದಿಂದ ಬದುಕಿ ಬಂದವರ ಲೆಕ್ಕ ಇಷ್ಟು.

ಈ ದಂಗೆಗೆ ಸೇನಾನುಭವ ತಂದವರು ಸೋವಿಯತ್ ಯುದ್ಧಕೈದಿ ಅಲೆಕ್ಸಾಂಡರ್ ಪೆಚೆರ್ಸ್ಕಿ. ಶಿಬಿರದ ಒಳಗುಟ್ಟು ಬಲ್ಲವರು ಲಿಯೋನ್ ಫೆಲ್ಡ್‌ಹೆಂಡ್ಲರ್. ಆದರೆ ಯೋಜನೆ ನಿಂತದ್ದು ದರ್ಜಿಗಳ, ಚಮ್ಮಾರರ ಕಸುಬಿನ ಮೇಲೆ. ಕೊಲ್ಲುವವರಿಗೂ ಒಳ್ಳೆಯ ಬೂಟು ಬೇಕಿತ್ತು. ಅದಕ್ಕಾಗಿಯೇ ಕೆಲವರನ್ನು ಜೀವಂತ ಉಳಿಸಿಕೊಂಡಿದ್ದರು, ಹಾಗೆ ಉಳಿದವರು ಅದನ್ನೇ ಉರುಳು ಮಾಡಿದರು.

ಎರಡನೇ ಮಹಾಯುದ್ಧದ ಯಹೂದಿ ಪ್ರತಿರೋಧದ ಬಗ್ಗೆ ಬಂದ ಸಿನಿಮಾಗಳನ್ನು ಒಂದರ ಹಿಂದೊಂದು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಹೊಡೆಯುತ್ತದೆ. ಕೈಗಳು ಕೆಲಸ ಮಾಡುತ್ತಿರುವ ತನಕ, ಅಂದರೆ ಹೊಲಿಯುವಾಗ, ತೋಡುವಾಗ, ಅಚ್ಚು ಹಾಕುವಾಗ, ಬಚ್ಚಿಡುವಾಗ, ಈ ಸಿನಿಮಾಗಳು ನಿಜವಾಗಿರುತ್ತವೆ. ಅದೇ ಕೈಗೆ ಮೆಷಿನ್ ಗನ್ ಬಂದು ಹಿನ್ನೆಲೆಯಲ್ಲಿ ಪಿಟೀಲುಗಳು ಏರಿದ ತಕ್ಷಣ ಅವು ನೂರು ಯುದ್ಧ ಚಿತ್ರಗಳ ಸಾಲಿನಲ್ಲಿ ಇನ್ನೊಂದಾಗಿಬಿಡುತ್ತವೆ.

ಹೀಗಾಗಲು ಕಾರಣವಿದೆ. ಯುದ್ಧ ಮುಗಿದ ಮೇಲೆ ಬದುಕುಳಿದ ಯಹೂದಿಗಳನ್ನು ಬಹುಕಾಲ ಕಾಡಿದ್ದು ಒಂದು ಕ್ರೂರ ಪ್ರಶ್ನೆ: ನೀವೇಕೆ ತಿರುಗಿ ಬೀಳಲಿಲ್ಲ? 1961ರಲ್ಲಿ ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಅಡಾಲ್ಫ್ ಐಖ್‌ಮನ್ ವಿಚಾರಣೆ ನಡೆದಾಗ ಸರ್ಕಾರಿ ವಕೀಲ ಗಿಡಿಯನ್ ಹೌಸ್ನರ್ ಸಾಕ್ಷಿಕಟ್ಟೆಗೆ ಬಂದವರನ್ನು ಮತ್ತೆ ಮತ್ತೆ ಇದನ್ನೇ ಕೇಳಿದರು. ಹೊಸ ಇಸ್ರೇಲಿಗೆ ತಲೆಬಾಗಿದವರಿಗಿಂತ ಬಂದೂಕು ಹಿಡಿದವರ ನೆನಪು ಬೇಕಿತ್ತು. ಹಾಲಿವುಡ್ಡಿಗೆ ಹೇಗೂ ಬಂದೂಕು ಬೇಕು. ಹೀಗೆ ಪ್ರತಿರೋಧವೆಂದರೆ ಗುಂಡು ಹಾರಿಸುವುದು ಎಂಬ ಸಮೀಕರಣ ಗಟ್ಟಿಯಾಯಿತು. ಯುದ್ಧಕ್ಕೆ ಮೊದಲು ಪೋಲೆಂಡಿನಲ್ಲಿದ್ದ ಸುಮಾರು 33 ಲಕ್ಷ ಯಹೂದಿಗಳಲ್ಲಿ 30 ಲಕ್ಷದಷ್ಟು ಮಂದಿ ಕೊಲೆಯಾದರು. ಬಂದೂಕು ಸಿಕ್ಕವರು ಎಷ್ಟು ಜನ? ಉಳಿದವರ ಪಾಲಿನ ಪ್ರತಿರೋಧವನ್ನು ಕ್ಯಾಮೆರಾ ಎಲ್ಲಿ ಹುಡುಕಬೇಕು?

ಎಡ್ವರ್ಡ್ ಜ್ವಿಕ್ ನಿರ್ದೇಶನದ 'ಡಿಫೈಯನ್ಸ್' (2008) ಈ ಪೇಚಿನ ಒಳ್ಳೆಯ ಉದಾಹರಣೆ. ಜೇಮ್ಸ್ ಬಾಂಡ್ ಖ್ಯಾತಿಯ ಡೇನಿಯಲ್ ಕ್ರೇಗ್ ಅದರಲ್ಲಿ ತೂವಿಯಾ ಬೀಲ್ಸ್ಕಿ. ಇಂದಿನ ಬೆಲಾರೂಸ್‌ನಲ್ಲಿರುವ ನೊವೊಗ್ರುಡೊಕ್ ಸಮೀಪದ ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಕುಟುಂಬ ಬೀಲ್ಸ್ಕಿಗಳದು. 1941ರ ಡಿಸೆಂಬರಿನಲ್ಲಿ ತಂದೆತಾಯಿಯನ್ನು ನಾಜಿಗಳು ಕೊಂದ ಮೇಲೆ ತೂವಿಯಾ, ಅಸಾಯೆಲ್, ಜೂಸ್ ಎಂಬ ಮೂವರು ಅಣ್ಣತಮ್ಮಂದಿರು ಕಾಡು ಸೇರಿದರು, ಎಳೆಯ ತಮ್ಮ ಆರನ್ ಕೂಡ ಜೊತೆಗಿದ್ದ. ಅವರ ಗುಂಪು ಇತರ ಗೆರಿಲ್ಲಾ ಪಡೆಗಳಂತಿರಲಿಲ್ಲ. ಕಾಡಿಗೆ ಬಂದ ಯಹೂದಿ ಮುದುಕಿಯಾದರೂ ಸರಿ, ಹಸುಗೂಸಾದರೂ ಸರಿ, ಸೇರಿಸಿಕೊಳ್ಳುತ್ತಿದ್ದರು. ಸಾಲದು ಎಂಬಂತೆ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೋಗಳ ಒಳಕ್ಕೆ ದಾರಿ ಬಲ್ಲವರನ್ನು ಕಳಿಸಿ ಜನರನ್ನು ಹೊರಡಿಸಿಕೊಂಡು ಬರುತ್ತಿದ್ದರು. ಜರ್ಮನರನ್ನು ಕೊಲ್ಲುವುದಕ್ಕಿಂತ ಯಹೂದಿಗಳನ್ನು ಉಳಿಸುವುದೇ ಮುಖ್ಯ ಎಂಬುದು ತೂವಿಯಾ ನಿಲುವು. 1944ರ ಬೇಸಿಗೆಯಲ್ಲಿ ಸೋವಿಯತ್ ಕೆಂಪು ಸೇನೆ ಬಂದಾಗ ಆ ಕಾಡಿನಿಂದ ಹೊರಬಂದವರು ಸುಮಾರು 1,200 ಮಂದಿ. ಬಹುಪಾಲು ಹೆಂಗಸರು, ಮಕ್ಕಳು, ವಯಸ್ಸಾದವರು.

ನಾಲಿಬೋಕಿ ಕಾಡಿನಲ್ಲಿ ಅವರು ಕಟ್ಟಿಕೊಂಡದ್ದು ಒಂದು ಊರನ್ನೇ. ಬೇಕರಿ, ಗಿರಣಿ, ಲಾಂಡ್ರಿ, ಚಿಕಿತ್ಸಾಲಯ, ಶಾಲೆ, ಪ್ರಾರ್ಥನಾ ಮಂದಿರ, ಜೊತೆಗೆ ಒಂದು ಕೋರ್ಟು, ಒಂದು ಜೈಲು. ಎಲ್ಲಕ್ಕಿಂತ ಮುಖ್ಯವಾದವು ಕಾರ್ಯಾಗಾರಗಳು. ಚಮ್ಮಾರರು, ದರ್ಜಿಗಳು, ಬಡಗಿಗಳು, ಕಮ್ಮಾರರು ಅಲ್ಲಿ ಸುತ್ತಲಿನ ಸೋವಿಯತ್ ಗೆರಿಲ್ಲಾಗಳ ಬೂಟು ಹೊಲಿದು, ಬಟ್ಟೆ ಹೊಲಿದು, ಕೆಟ್ಟ ಬಂದೂಕು ರಿಪೇರಿ ಮಾಡಿಕೊಡುತ್ತಿದ್ದರು. ಪ್ರತಿಯಾಗಿ ಊಟ, ರಕ್ಷಣೆ. ಯಹೂದ್ಯ ದ್ವೇಷಕ್ಕೇನೂ ಕೊರತೆಯಿಲ್ಲದ ಆ ಕಾಡಿನಲ್ಲಿ, ಹೋರಾಡಲಾಗದ ನೂರಾರು ಜನರ ಗುಂಪನ್ನು ಸೋವಿಯತ್ ಕಮಾಂಡರುಗಳು ಸಹಿಸಿಕೊಂಡದ್ದಕ್ಕೆ ಈ ಕಾರ್ಯಾಗಾರಗಳು ದೊಡ್ಡ ಕಾರಣ. ತೂವಿಯಾ ಅಧಿಕಾರ ಬಂದೂಕಿನ ನಳಿಕೆಯಲ್ಲಿ ಎಷ್ಟಿತ್ತೋ ಚಮ್ಮಾರನ ಅಟ್ಟೆಯಲ್ಲೂ ಅಷ್ಟೇ ಇತ್ತು.

ಜ್ವಿಕ್‌ಗೆ ಇದು ಗೊತ್ತಿಲ್ಲದ್ದಲ್ಲ. ಅವರ ಸಿನಿಮಾಕ್ಕೆ ಆಧಾರವಾದ ನೆಖಾಮಾ ಟೆಕ್ ಅವರ ಪುಸ್ತಕದಲ್ಲಿ ಈ ಕಾಡಿನ ಊರಿನ ಬದುಕು ವಿವರವಾಗಿದೆ. ಟೆಕ್ ಸ್ವತಃ ಪೋಲೆಂಡಿನಲ್ಲಿ ಬಾಲ್ಯದಲ್ಲಿ ಗುರುತು ಮರೆಸಿಕೊಂಡು ಬದುಕುಳಿದವರು. ಸಿನಿಮಾದಲ್ಲೂ ಗುಡಿಸಲು ಕಟ್ಟುವ, ಸೂಪು ಹಂಚುವ, ಹಸಿವಿನಲ್ಲಿ ಜಗಳ ಕಾಯುವ ದೃಶ್ಯಗಳಿವೆ, ಅವೇ ಚೆನ್ನಾಗಿಯೂ ಇವೆ. ಆದರೆ ನಿರ್ದೇಶಕರಿಗೆ ಅಷ್ಟು ಸಾಲಲಿಲ್ಲ. ತೂವಿಯಾ ಬಿಳಿ ಕುದುರೆ ಏರಿ ಭಾಷಣ ಮಾಡುತ್ತಾರೆ. ಮದುವೆ ದೃಶ್ಯವನ್ನೂ ಹೊಂಚುದಾಳಿಯನ್ನೂ ಕತ್ತರಿಸಿ ಹೆಣೆಯಲಾಗಿದೆ. ಕೊನೆಗೆ ಜೌಗು ದಾಟುತ್ತಲೇ ಒಂದು ಜರ್ಮನ್ ಟ್ಯಾಂಕ್ ಎದುರಾಗುತ್ತದೆ. 1943ರ ಆಗಸ್ಟಿನಲ್ಲಿ ಜರ್ಮನರ ದೊಡ್ಡ ಕಾರ್ಯಾಚರಣೆಯಿಂದ ತಪ್ಪಿಸಿಕೊಳ್ಳಲು ಆ ಜನ ಜೌಗಿನಲ್ಲಿ ಹಗ್ಗ, ಬೆಲ್ಟು ಹಿಡಿದು ನಡೆದದ್ದು ನಿಜ. ಟ್ಯಾಂಕ್ ಕದನ ಚಿತ್ರಕಥೆಗಾರರ ಕೊಡುಗೆ. ನೂರಾರು ಜನ ಒಂದು ಗುಂಡೂ ಹಾರಿಸದೆ, ಕೆಮ್ಮನ್ನೂ ನುಂಗಿಕೊಂಡು ನೀರಿನಲ್ಲಿ ನಿಂತು ಪಾರಾದದ್ದಕ್ಕಿಂತ ಹೆಚ್ಚಿನ ರೋಮಾಂಚನ ಯಾವ ಟ್ಯಾಂಕಿನಿಂದ ಬರಬೇಕಿತ್ತೋ.

ಯುದ್ಧದ ನಂತರ ತೂವಿಯಾ ನ್ಯೂಯಾರ್ಕಿನಲ್ಲಿ ಟ್ರಕ್ ಓಡಿಸಿ ಬದುಕಿದರು, 1987ರಲ್ಲಿ ತೀರಿಕೊಂಡರು. ಅಸಾಯೆಲ್ ಕೆಂಪು ಸೇನೆ ಸೇರಿ 1945ರಲ್ಲಿ ಕೋನಿಗ್ಸ್‌ಬರ್ಗ್ ಕದನದಲ್ಲಿ ಸತ್ತಿದ್ದರು. ಸಿನಿಮಾ ಇದನ್ನೆಲ್ಲ ಕೊನೆಯ ಅಕ್ಷರಗಳಲ್ಲಿ ಮುಗಿಸಿಬಿಡುತ್ತದೆ.

ಸೋಬಿಬೋರ್ ಮೇಲೆ ಬಂದ ಸಿನಿಮಾಗಳಲ್ಲೂ ಇದೇ ಹಗ್ಗಜಗ್ಗಾಟ. 1987ರ 'ಎಸ್ಕೇಪ್ ಫ್ರಮ್ ಸೋಬಿಬೋರ್' ಟಿವಿಗಾಗಿ ಮಾಡಿದ ಚಿತ್ರ, ನಿರ್ದೇಶನ ಜ್ಯಾಕ್ ಗೋಲ್ಡ್. ಪೆಚೆರ್ಸ್ಕಿಯಾಗಿ ರುಟ್ಗರ್ ಹೌರ್, ಫೆಲ್ಡ್‌ಹೆಂಡ್ಲರ್ ಆಗಿ ಅಲನ್ ಆರ್ಕಿನ್. ಆ ಶಿಬಿರದಿಂದಲೇ ಪಾರಾಗಿ ಬಂದ ಥಾಮಸ್ ಬ್ಲಾಟ್ ಸಲಹೆಗಾರರಾಗಿದ್ದರು. ಚಿತ್ರೀಕರಣದಲ್ಲಿ ಅಬ್ಬರವಿಲ್ಲ, ಕಾರ್ಯಾಗಾರದ ದೃಶ್ಯಗಳಲ್ಲಿ ಗಡಿಯಾರದ ಒತ್ತಡ ಎದೆಗೆ ತಟ್ಟುತ್ತದೆ. 2018ರಲ್ಲಿ ರಷ್ಯಾದ ಕಾನ್ಸ್ಟಾಂಟಿನ್ ಖಬೆನ್ಸ್ಕಿ ತಾವೇ ಪೆಚೆರ್ಸ್ಕಿಯಾಗಿ ನಟಿಸಿ ನಿರ್ದೇಶಿಸಿದ 'ಸೋಬಿಬೋರ್' ಇದಕ್ಕೆ ತದ್ವಿರುದ್ಧ: ನಿಧಾನಗತಿಯ ಓಟ, ರಕ್ತ, ಚೀರಾಟ, ನಾಯಕನ ಮುಖದ ಕ್ಲೋಸಪ್. ಇದೇ ಪೆಚೆರ್ಸ್ಕಿಗೆ ಬದುಕಿರುವಾಗ ಸೋವಿಯತ್ ಒಕ್ಕೂಟ ಸೋಬಿಬೋರ್‌ಗಾಗಿ ಮನ್ನಣೆ ಕೊಟ್ಟಿರಲಿಲ್ಲ. ಅವರು ತೀರಿಕೊಂಡದ್ದು 1990ರಲ್ಲಿ, ಮರಣೋತ್ತರ ಪದಕ ಬಂದದ್ದು 2016ರಲ್ಲಿ. ರಾಷ್ಟ್ರಕ್ಕೆ ವೀರ ಬೇಕಾದಾಗ ವೀರ ಸಿಗುತ್ತಾನೆ.

ಇವೆರಡರ ನಡುವೆ, 2001ರಲ್ಲಿ, ಫ್ರಾನ್ಸಿನ ಕ್ಲೋದ್ ಲಾನ್ಜ್‌ಮನ್ ಇನ್ನೊಂದು ಚಿತ್ರ ಮಾಡಿದರು. ದಂಗೆಯ ದಿನಾಂಕವೂ ಸಂಜೆ 4 ಗಂಟೆ ಎಂಬ ಹೊತ್ತೂ ಅದರ ಹೆಸರಿನಲ್ಲೇ ಇವೆ. ಒಂಬತ್ತು ಗಂಟೆಗೂ ಮೀರಿದ ತಮ್ಮ 'ಶೋವಾ' (1985) ತಯಾರಿಯ ವೇಳೆ 1979ರಲ್ಲಿ ಅವರು ಯೆಹೂದಾ ಲೆರ್ನರ್ ಎಂಬವರನ್ನು ಚಿತ್ರೀಕರಿಸಿಟ್ಟಿದ್ದರು. ದಂಗೆಯ ದಿನ ಕೊಡಲಿ ಬೀಸಿದವರಲ್ಲಿ ಲೆರ್ನರ್ ಒಬ್ಬರು. ಆಗ ಅವರಿನ್ನೂ ಹದಿಹರೆಯದ ಹುಡುಗ, ಅದಕ್ಕೆ ಮೊದಲು ಯಾರನ್ನೂ ಕೊಂದವರಲ್ಲ. ಪರದೆಯ ಮೇಲೆ ಹೆಚ್ಚಿನ ಹೊತ್ತು ಅವರು ಮಾತನಾಡುತ್ತಾರೆ, ಅನುವಾದಕಿ ಅನುವಾದಿಸುತ್ತಾಳೆ. ಕೊಡಲಿಯಿಲ್ಲ, ರಕ್ತವಿಲ್ಲ. ಜರ್ಮನರು ಹೊತ್ತಿಗೆ ಸರಿಯಾಗಿ ಬರುವವರು, ಅದನ್ನೇ ನೆಚ್ಚಿಕೊಂಡೆವು ಎಂದು ಅವರು ವಿವರಿಸುವಾಗ ಮುಖದಲ್ಲಿ ಮೂಡುವ ಬಿಳಿಚು ಖಬೆನ್ಸ್ಕಿಯ ಇಡೀ ಕ್ಲೈಮ್ಯಾಕ್ಸನ್ನು ನುಂಗಿಹಾಕುತ್ತದೆ. ಚಿತ್ರ ಗೆಲುವಿನಲ್ಲಿ ಮುಗಿಯುವುದಿಲ್ಲ. ಸೋಬಿಬೋರ್‌ಗೆ ಬಂದ ರೈಲುಗಳ ಪಟ್ಟಿಯನ್ನು, ಎಲ್ಲಿಂದ ಎಷ್ಟು ಜನ ಎಂಬುದನ್ನು, ಲಾನ್ಜ್‌ಮನ್ ಒಂದೊಂದಾಗಿ ಓದುತ್ತಾ ಹೋಗುತ್ತಾರೆ.

ಕಸುಬು ಶತ್ರುವಿಗೂ ದುಡಿಯಬೇಕಾದಾಗ ಏನಾಗುತ್ತದೆ? ಸ್ಟೆಫಾನ್ ರುಜೊವಿಟ್ಸ್ಕಿ ಅವರ 'ದ ಕೌಂಟರ್‌ಫೀಟರ್ಸ್' (2007) ಕೇಳುವುದು ಇದನ್ನೇ. ಆಸ್ಟ್ರಿಯಾಕ್ಕೆ ವಿದೇಶಿ ಭಾಷಾ ಚಿತ್ರದ ಮೊದಲ ಆಸ್ಕರ್ ತಂದ ಸಿನಿಮಾ. ಬರ್ಲಿನ್ ಬಳಿಯ ಜಾಕ್ಸನ್‌ಹೌಸನ್ ಶಿಬಿರದಲ್ಲಿ ನಾಜಿಗಳು ಸುಮಾರು 140 ಯಹೂದಿ ಕೈದಿಗಳನ್ನು ಪ್ರತ್ಯೇಕ ಬ್ಲಾಕಿನಲ್ಲಿಟ್ಟು ಬ್ರಿಟಿಷ್ ಪೌಂಡಿನ ಖೋಟಾ ನೋಟು ಮುದ್ರಿಸಿದರು. ಮುದ್ರಣಕಾರರು, ಕೆತ್ತನೆಗಾರರು, ಬ್ಯಾಂಕ್ ನೌಕರರು. ಒಬ್ಬ ವೃತ್ತಿಪರ ಖೋಟಾದಾರನೂ ಇದ್ದ. ಮೆತ್ತನೆ ಹಾಸಿಗೆ, ಟೇಬಲ್ ಟೆನಿಸ್ ಮೇಜು, ಗೋಡೆಯಾಚೆ ಉಳಿದ ಕೈದಿಗಳ ಸಾವು. ಕೆಲಸ ಚೆನ್ನಾಗಿ ಮಾಡಿದರೆ ಹಿಟ್ಲರನ ಯುದ್ಧಕ್ಕೆ ದುಡ್ಡು, ಕೆಡಿಸಿದರೆ ಗೆಳೆಯರ ತಲೆಗೆ ಗುಂಡು.

ಡಾಲರ್ ನೋಟಿನ ಕೆಲಸವನ್ನು ಬೇಕೆಂದೇ ತಡಮಾಡುವ ಪಾತ್ರ ಚಿತ್ರದಲ್ಲಿ ಅಡಾಲ್ಫ್ ಬರ್ಗರ್ ಅವರದು. ಅವರು ನಿಜ ವ್ಯಕ್ತಿ. ಸ್ಲೊವಾಕಿಯಾದಲ್ಲಿ ಯಹೂದಿಗಳನ್ನು ಉಳಿಸಲು ಸುಳ್ಳು ದೀಕ್ಷಾಸ್ನಾನ ಪತ್ರ ಮುದ್ರಿಸಿ 1942ರಲ್ಲಿ ಸಿಕ್ಕಿಬಿದ್ದವರು, ಹೆಂಡತಿಯನ್ನು ಆಶ್ವಿಟ್ಜ್‌ನಲ್ಲಿ ಕಳೆದುಕೊಂಡವರು. 99ನೇ ವಯಸ್ಸಿನಲ್ಲಿ, 2016ರಲ್ಲಿ, ತೀರಿಕೊಂಡರು. ಅಚ್ಚುಮೊಳೆ ಜೋಡಿಸುವ ಕೈ ಮೊದಲು ಜೀವ ಉಳಿಸಿತು, ಆಮೇಲೆ ಅದೇ ಕೈ ಶತ್ರುವಿನ ನೋಟು ಮಾಡಬೇಕಾಯಿತು. ಈ ಚಿತ್ರದಲ್ಲಿ ಯಾರೂ ಪೂರ್ತಿ ವೀರರಲ್ಲ, ಯಾರೂ ಪೂರ್ತಿ ದ್ರೋಹಿಗಳಲ್ಲ. ಖೋಟಾದಾರ ಸೊರೊವಿಚ್‌ಗೆ ತನ್ನ ಕಸುಬಿನ ಮೇಲಿರುವ ಅಭಿಮಾನ, ನೋಟು ಪರಿಪೂರ್ಣವಾಗಿ ಬಂದಾಗ ಅವನ ಕಣ್ಣಲ್ಲಿ ಮಿಂಚುವ ತೃಪ್ತಿ ಪ್ರೇಕ್ಷಕರ ಹೊಟ್ಟೆ ತೊಳಸುತ್ತದೆ.

ರೋಮನ್ ಪೊಲಾನ್ಸ್ಕಿಯ 'ದ ಪಿಯಾನಿಸ್ಟ್' (2002) ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಇಲ್ಲಿ ಒಂದೇ ಮಾತು. ವಾರ್ಸಾ ಗೆಟ್ಟೋದ ದಂಗೆ 1943ರ ಏಪ್ರಿಲ್ 19ರಂದು ಭುಗಿಲೆದ್ದಾಗ ಚಿತ್ರದ ವ್ಲಾಡಿಸ್ಲಾವ್ ಸ್ಪಿಲ್ಮನ್ ಗೋಡೆಯ ಆಚೆ ಒಂದು ಫ್ಲ್ಯಾಟಿನಲ್ಲಿ ಅಡಗಿದ್ದಾರೆ. ಯುರೋಪಿನ ಯಹೂದಿ ಪ್ರತಿರೋಧದ ಅತಿ ಪ್ರಸಿದ್ಧ ಘಟನೆಯನ್ನು ಪೊಲಾನ್ಸ್ಕಿ ಕಿಟಕಿಯಿಂದ ತೋರಿಸುತ್ತಾರೆ: ದೂರ, ಮೇಲಿನಿಂದ, ತುಂಡು ತುಂಡಾಗಿ. ನಾಯಕ ಅಲ್ಲಿಗೆ ಓಡಿಹೋಗುವುದಿಲ್ಲ. ಗೆಟ್ಟೋದೊಳಗಿದ್ದಾಗ ಅವರು ಇಟ್ಟಿಗೆ ಹೊತ್ತು, ಆಹಾರದ ಚೀಲದಲ್ಲಿ ಪಿಸ್ತೂಲು ಸಾಗಿಸಲು ನೆರವಾಗಿದ್ದರು, ಅಷ್ಟೇ. ಅಡಗುದಾಣವೊಂದರಲ್ಲಿ ಪಿಯಾನೊ ಇದೆ, ನುಡಿಸಿದರೆ ಪಕ್ಕದ ಮನೆಯವರಿಗೆ ಕೇಳುತ್ತದೆ, ಕೇಳಿದರೆ ಸಾವು. ಸ್ಪಿಲ್ಮನ್ ಬೆರಳುಗಳು ಕೀಲಿಗಳನ್ನು ಮುಟ್ಟದೆ ಗಾಳಿಯಲ್ಲಿ ಆಡುತ್ತವೆ. ಕ್ರಾಕೋವ್ ಗೆಟ್ಟೋದಿಂದ ಬಾಲಕನಾಗಿ ಪಾರಾದ, ತಾಯಿಯನ್ನು ಆಶ್ವಿಟ್ಜ್‌ನಲ್ಲಿ ಕಳೆದುಕೊಂಡ ನಿರ್ದೇಶಕನಿಗೆ ಇದಕ್ಕಿಂತ ದೊಡ್ಡ ಸಾಹಸ ದೃಶ್ಯ ಬೇಕೆನಿಸಲಿಲ್ಲ.

ಲಾಸ್ಲೊ ನೆಮೆಶ್ ಅವರ 'ಸನ್ ಆಫ್ ಸೌಲ್' (2015) ಇನ್ನೂ ಮುಂದೆ ಹೋಗುತ್ತದೆ. ಆಶ್ವಿಟ್ಜ್-ಬಿರ್ಕೆನೌ ಶಿಬಿರದಲ್ಲಿ ಹೆಣಗಳನ್ನು ಸುಡುವ ಕೆಲಸಕ್ಕೆ ನೂಕಲ್ಪಟ್ಟ ಸೊಂಡರ್‌ಕಮಾಂಡೊ ಕೈದಿಗಳು 1944ರ ಅಕ್ಟೋಬರ್ 7ರಂದು ದಂಗೆ ಎದ್ದರು, ಒಂದು ಶವದಹನಾಗಾರಕ್ಕೆ ಬೆಂಕಿ ಇಟ್ಟರು. ಸಿಡಿಮದ್ದು ಬಂದದ್ದು ಶಿಬಿರದ ಪಕ್ಕದ ಯುದ್ಧಸಾಮಗ್ರಿ ಕಾರ್ಖಾನೆಯಿಂದ. ಅಲ್ಲಿ ದುಡಿಯುತ್ತಿದ್ದ ಯಹೂದಿ ಹೆಂಗಸರು ಅದನ್ನು ಚಿಟಿಕೆ ಚಿಟಿಕೆಯಾಗಿ, ತಿಂಗಳುಗಟ್ಟಲೆ, ಬಟ್ಟೆಯೊಳಗೆ ಅಡಗಿಸಿ ಸಾಗಿಸಿದ್ದರು. ರೋಜಾ ರೊಬೋಟಾ, ಆಲಾ ಗೆರ್ಟ್ನರ್, ರೆಗೀನಾ ಸಫಿರ್‌ಸ್ಟೈನ್, ಎಸ್ತರ್ ವೈಸ್‌ಬ್ಲುಮ್ ಎಂಬ ನಾಲ್ವರನ್ನು 1945ರ ಜನವರಿ ಮೊದಲ ವಾರದಲ್ಲಿ ಗಲ್ಲಿಗೇರಿಸಲಾಯಿತು. ಸೋವಿಯತ್ ಸೇನೆ ಶಿಬಿರ ತಲುಪಲು ಇನ್ನು ಮೂರು ವಾರ ಬಾಕಿಯಿತ್ತು.

ನೆಮೆಶ್ ಈ ದಂಗೆಯನ್ನು ನಾಯಕನ ಕಥೆಯಾಗಿಸಲಿಲ್ಲ. ಅವರ ಸೌಲ್ ಒಬ್ಬ ಹುಡುಗನ ಶವಕ್ಕೆ ಸರಿಯಾದ ಸಂಸ್ಕಾರ ಮಾಡಿಸಲು ರಬ್ಬಿಯನ್ನು ಹುಡುಕುತ್ತಾ ಅಲೆಯುತ್ತಾನೆ. ಆ ಗಡಿಬಿಡಿಯಲ್ಲಿ ತನ್ನ ಕೈಗೆ ಬಂದ ಸಿಡಿಮದ್ದಿನ ಪೊಟ್ಟಣವನ್ನೇ ಕಳೆದುಕೊಳ್ಳುತ್ತಾನೆ. ಸಂಗಡಿಗರು ಸಿಟ್ಟಾಗುತ್ತಾರೆ, ನೋಡುವವರಿಗೂ ಸಿಟ್ಟು ಬರುತ್ತದೆ. ಕ್ಯಾಮೆರಾ ಅವನ ಕತ್ತಿಗೇ ಅಂಟಿಕೊಂಡಿದೆ, ಹಿಂದಿನದೆಲ್ಲ ಮಸುಕು. ನರಕ ಕಾಣುವುದಿಲ್ಲ, ಕೇಳುತ್ತದೆ. ಚಿತ್ರದ ನಡುವೆ ಕೈದಿಗಳು ಕದ್ದು ಫೋಟೊ ತೆಗೆಯಲು ಹೆಣಗುವ ದೃಶ್ಯವೊಂದಿದೆ. ಅದರ ಹಿಂದೆ ಇತಿಹಾಸವಿದೆ: 1944ರ ಆಗಸ್ಟಿನಲ್ಲಿ ಸೊಂಡರ್‌ಕಮಾಂಡೊ ಕೈದಿಗಳು ತೆಗೆದ ನಾಲ್ಕು ಫೋಟೊಗಳ ಫಿಲ್ಮು ಟೂತ್‌ಪೇಸ್ಟ್ ಟ್ಯೂಬಿನಲ್ಲಿ ಅಡಗಿ ಶಿಬಿರದಾಚೆಗೆ ಹೋಯಿತು. ಆ ನಾಲ್ಕರಲ್ಲಿ ಒಂದರಲ್ಲಿ ಬರೀ ಮರದ ಕೊಂಬೆಗಳಿವೆ, ಗುರಿ ಹಿಡಿಯಲು ಪುರಸೊತ್ತೇ ಇಲ್ಲದೆ ಗುಂಡಿ ಒತ್ತಿದ್ದು.

ಬಂದೂಕಿನ ಚಿತ್ರಗಳೇ ಬೇಡ ಎನ್ನುವುದು ತಪ್ಪಾದೀತು. ವಾರ್ಸಾ ಗೆಟ್ಟೋದ ಹುಡುಗ ಹುಡುಗಿಯರು ಕೈಗೆ ಸಿಕ್ಕ ಪಿಸ್ತೂಲು, ನಾಡ ಬಾಂಬು ಹಿಡಿದು ಜರ್ಮನ್ ಪಡೆಯನ್ನು ವಾರಗಟ್ಟಲೆ ತಡೆದದ್ದು ಪರದೆಗೆ ಬರಲೇಬೇಕಾದ ಕಥೆ. ಬೀಲ್ಸ್ಕಿ ಕುಟುಂಬದವರಿಗೆ ಡೇನಿಯಲ್ ಕ್ರೇಗ್ ಮುಖದಲ್ಲಿ ತಮ್ಮ ಹಿರಿಯನನ್ನು ನೋಡಿ ಎದೆಯುಬ್ಬಿದರೆ ಅದನ್ನು ಹೀಗಳೆಯಲು ದೂರದಲ್ಲಿ ಕೂತವರಿಗೆ ಹಕ್ಕಿಲ್ಲ. ಆದರೆ ವಾರ್ಸಾ ದಂಗೆಯ ನಾಯಕರಲ್ಲಿ ಬದುಕುಳಿದ ಮಾರೆಕ್ ಎಡೆಲ್ಮನ್ ಆ ವೀರಗಾಥೆಗೆ ಕೊನೆಯವರೆಗೂ ಒಗ್ಗಲಿಲ್ಲ. ಯುದ್ಧದ ನಂತರ ಊಚ್ ನಗರದಲ್ಲಿ ಹೃದಯ ವೈದ್ಯರಾಗಿದ್ದ ಅವರು 2009ರಲ್ಲಿ ತೀರಿಕೊಂಡರು. ಗುಂಡು ಹಾರಿಸಿ ಸಾಯುವುದು, ಮಗುವಿನ ಕೈ ಹಿಡಿದು ರೈಲು ಹತ್ತಿ ಸಾಯುವುದಕ್ಕಿಂತ ಮೇಲು ಎಂಬ ಮಾತನ್ನು ಅವರು ಒಪ್ಪುತ್ತಿರಲಿಲ್ಲ. ಬಂದೂಕು ಹಿಡಿದವರೇ ಹೀಗೆಂದ ಮೇಲೆ ಚಿತ್ರಕಥೆಗಾರರು ಸ್ವಲ್ಪ ಕಿವಿಗೊಡಬಹುದು.

ಕ್ವೆಂಟಿನ್ ಟರಂಟಿನೊ 'ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್' (2009) ಚಿತ್ರದಲ್ಲಿ ಹಿಟ್ಲರನನ್ನು ಸಿನಿಮಾ ಮಂದಿರದಲ್ಲೇ ಕೊಲ್ಲಿಸುತ್ತಾರೆ. ಅದು ಕನಸೆಂದು ಚಿತ್ರ ತಾನೇ ಒಪ್ಪಿಕೊಂಡಿದೆ, ಆದ್ದರಿಂದ ತಕರಾರಿಲ್ಲ. ತಕರಾರಿರುವುದು ನಮ್ಮ ಕಡೆಯ ಒಂದು ಕಸರತ್ತಿನ ಬಗ್ಗೆ. 2023ರಲ್ಲಿ ಬಂದ ಹಿಂದಿ ಚಿತ್ರ 'ಬವಾಲ್' ಗಂಡ ಹೆಂಡಿರ ಮನಸ್ತಾಪ ತೀರಿಸಲು ಆಶ್ವಿಟ್ಜ್‌ವರೆಗೆ ಹೋಯಿತು, ಪ್ರತಿ ಸಂಬಂಧಕ್ಕೂ ಅದರದೇ ಆಶ್ವಿಟ್ಜ್ ಇರುತ್ತದೆ ಎಂಬರ್ಥದ ಮಾತು ಆಡಿಸಿತು. ಸೈಮನ್ ವೀಸೆಂಥಾಲ್ ಕೇಂದ್ರ ಎಂಬ ಯಹೂದಿ ಸಂಸ್ಥೆ ಅದನ್ನು ಅಮೆಜಾನ್ ಪ್ರೈಮ್‌ನಿಂದ ತೆಗೆಯಬೇಕೆಂದು ಕೇಳಿತು. ತೆಗೆಯಬೇಕಿತ್ತೋ ಇಲ್ಲವೋ ಬೇರೆ ಚರ್ಚೆ. ವಿವರ ತಿಳಿಯದೆ, ಬರೀ ಭೀಕರತೆಯ ಹೆಸರನ್ನು ಎರವಲು ತಂದರೆ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಭಾರತಕ್ಕೆ ನಿಜವಾದ ಕೊಂಡಿ ಬೇರೆಯೇ ಇದೆ. ವಾರ್ಸಾ ಗೆಟ್ಟೋದಲ್ಲಿ ಅನಾಥಾಲಯ ನಡೆಸುತ್ತಿದ್ದ ವೈದ್ಯ, ಲೇಖಕ ಯಾನುಶ್ ಕೋರ್ಚಾಕ್ 1942ರ ಜುಲೈ 18ರಂದು ತಮ್ಮ ಮಕ್ಕಳಿಂದ ಆಡಿಸಿದ ನಾಟಕ ರವೀಂದ್ರನಾಥ ಟ್ಯಾಗೋರರ 'ಡಾಕ್ ಘರ್'. ಮೂರು ವಾರ ತುಂಬುವುದರೊಳಗೆ ಕೋರ್ಚಾಕ್ ಆ ಮಕ್ಕಳೊಂದಿಗೇ ಟ್ರೆಬ್ಲಿಂಕಾ ಮರಣ ಶಿಬಿರದ ರೈಲು ಹತ್ತಿದರು. ಪೋಲಿಷ್ ನಿರ್ದೇಶಕ ಆಂದ್ರೆ ವೈದಾ 1990ರಲ್ಲಿ ಅವರ ಬಗ್ಗೆ 'ಕೋರ್ಚಾಕ್' ಮಾಡಿದರು. ಕೊನೆಯಲ್ಲಿ ರೈಲಿನ ಬೋಗಿ ಕಳಚಿಕೊಂಡು, ಮಕ್ಕಳು ಮಂಜಿನೊಳಕ್ಕೆ ಇಳಿದು ಓಡುತ್ತಾರೆ. ಫ್ರಾನ್ಸಿನಲ್ಲಿ ಇದಕ್ಕೆ ಕಟುವಾದ ವಿರೋಧ ಬಂತು. ವಿರೋಧಿಸಿದವರ ಕಡೆ ನ್ಯಾಯವಿದೆ. ಮಕ್ಕಳಿಂದ ನಾಟಕ ಆಡಿಸಿದ ಮನುಷ್ಯನಿಗೆ ಅಂತ್ಯದಲ್ಲಿ ಪವಾಡದ ಹಂಗು ಬೇಕಿರಲಿಲ್ಲ.

ಕೋರ್ಚಾಕ್ ರೈಲು ಹತ್ತಿದ ಅದೇ 1942ರ ಮೇ ತಿಂಗಳಲ್ಲಿ ಅದೇ ವಾರ್ಸಾ ಗೆಟ್ಟೋದ ಬೀದಿಗಳಲ್ಲಿ ಜರ್ಮನ್ ಕ್ಯಾಮೆರಾ ತಂಡವೊಂದು ಓಡಾಡುತ್ತಿತ್ತು. ಉಳ್ಳ ಯಹೂದಿಗಳು ಹಸಿದು ಸಾಯುವ ಯಹೂದಿಗಳನ್ನು ಲೆಕ್ಕಿಸದೆ ಮಜಾ ಮಾಡುತ್ತಾರೆಂದು ತೋರಿಸಲು ದೃಶ್ಯಗಳನ್ನು ಕಟ್ಟಿ ಕಟ್ಟಿ ತೆಗೆದರು. ಚಿತ್ರ ಪೂರ್ಣವಾಗಲಿಲ್ಲ. ಆದರೆ ರೀಲುಗಳು ಉಳಿದವು, ದಶಕಗಳ ಕಾಲ ಸಾಕ್ಷ್ಯಚಿತ್ರಗಳು ಅವುಗಳ ತುಣುಕುಗಳನ್ನು ನಿಜವೆಂದೇ ಬಳಸಿದವು. 1998ರಲ್ಲಿ ಇನ್ನೊಂದು ರೀಲು ಸಿಕ್ಕಿತು. ಅದರಲ್ಲಿ ಒಂದೇ ದೃಶ್ಯದ ಹಲವು ಟೇಕುಗಳು, ಚೌಕಟ್ಟಿನ ಅಂಚಿನಲ್ಲಿ ಕ್ಯಾಮೆರಾಮನ್. ಇಸ್ರೇಲಿನ ಯಾಯೆಲ್ ಹೆರ್ಸೋನ್ಸ್ಕಿ ಇದರಿಂದ 'ಎ ಫಿಲ್ಮ್ ಅನ್‌ಫಿನಿಶ್ಡ್' (2010) ಕಟ್ಟಿದರು. ಗೆಟ್ಟೋದಿಂದ ಬದುಕಿ ಬಂದವರು ಕತ್ತಲ ಥಿಯೇಟರಿನಲ್ಲಿ ಒಬ್ಬೊಬ್ಬರೇ ಕೂತು ಆ ರೀಲು ನೋಡುತ್ತಾರೆ, ಪರಿಚಯದ ಮುಖ ಕಂಡುಬಿಟ್ಟರೆ ಎಂಬ ಭಯದಲ್ಲಿ.

ಆ ಕ್ಯಾಮೆರಾಕ್ಕೆ ಎದುರಾಗಿ, ಅದೇ ಬೀದಿಗಳಲ್ಲಿ, ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಅವರ ಗುಪ್ತ ತಂಡ ಬರೆಯುತ್ತಿತ್ತು. ಹಸಿವಿನ ವರದಿ, ಮಕ್ಕಳ ಪ್ರಬಂಧ, ಟ್ರಾಮ್ ಟಿಕೆಟ್, ಮಿಠಾಯಿ ಹೊದಿಕೆ, ಪಡಿತರ ಚೀಟಿ, ಏನು ಸಿಕ್ಕಿದರೂ ಕೂಡಿಟ್ಟರು. ತಗಡಿನ ಪೆಟ್ಟಿಗೆಗಳಲ್ಲಿ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತರು. ಪೆಟ್ಟಿಗೆಗಳು 1946ರಲ್ಲಿ, ಕ್ಯಾನುಗಳು 1950ರಲ್ಲಿ ಸಿಕ್ಕವು. ಒಟ್ಟು ಸುಮಾರು 35,000 ಪುಟ. ಮೂರನೇ ಕಂತು ಇಂದಿಗೂ ಪತ್ತೆಯಿಲ್ಲ. ರಿಂಗೆಲ್‌ಬ್ಲುಮ್ ಅವರನ್ನು 1944ರಲ್ಲಿ ಅಡಗುದಾಣದಿಂದ ಹಿಡಿದು, ಕುಟುಂಬ ಸಮೇತ ಕೊಂದರು. ರೊಬರ್ಟಾ ಗ್ರಾಸ್‌ಮನ್ ಅವರ 'ಹೂ ವಿಲ್ ರೈಟ್ ಅವರ್ ಹಿಸ್ಟರಿ' (2018) ಹೇಳುವುದು ಈ ಕಥೆ. ನಟರನ್ನಿಟ್ಟು ಮರುಸೃಷ್ಟಿಸಿದ ಭಾಗಗಳು ಸಪ್ಪೆ, ಆದರೆ ಆ ಕಾಗದಗಳೇ ಮಾತಾಡುವ ಕಡೆ ಮೈ ಜುಮ್ಮೆನ್ನುತ್ತದೆ.

ನಮ್ಮ ಫಿಲ್ಮ್ ಸೊಸೈಟಿಗಳು, ಕಾಲೇಜುಗಳ ಸಿನಿಮಾ ಸಂಘಗಳು ಈ ಎರಡನ್ನೂ ಒಂದೇ ಸಂಜೆ ತೋರಿಸಬೇಕು, ಮೊದಲು ಹೆರ್ಸೋನ್ಸ್ಕಿ, ಆಮೇಲೆ ಗ್ರಾಸ್‌ಮನ್. ಒಂದೇ ಬೀದಿ, ಒಂದೇ ವರ್ಷ, ಇಬ್ಬರು ದಾಖಲೆಗಾರರು. ಎರಡೂ ಸೇರಿ ಸುಮಾರು ಮೂರು ಗಂಟೆ ಆದೀತು, ನಮ್ಮ ಒಂದು ಸ್ಟಾರ್ ಸಿನಿಮಾದಷ್ಟೇ ಉದ್ದ.